ಕುಂಕುಮ ಹಚ್ಚಿದ ಡಿಸ್ಕ್

ಪುಣೆಯ ನಿಗಡಿಯಲ್ಲಿರುವ ಆ ಕಟ್ಟಡದ ಎರಡನೇ ಮಹಡಿಯಲ್ಲಿ ಈಗ ಕಥಕ್ ಕಲಿಸುತ್ತಾರೆ. ಹೋದ ತಿಂಗಳು ತಂಗಿಯ ಮಗಳನ್ನು ಸೇರಿಸಲು ಹೋಗಿದ್ದೆ. ಮೆಟ್ಟಿಲು ಹತ್ತುವಾಗ ಏನೂ ಅನ್ನಿಸಲಿಲ್ಲ. ಲಿಫ್ಟು ಆಗಲೂ ಕೆಟ್ಟಿರುತ್ತಿತ್ತು, ಈಗಲೂ ಕೆಟ್ಟಿತ್ತು. ಒಳಗೆ ಹತ್ತು ಹನ್ನೆರಡು ಹುಡುಗಿಯರು ಗೆಜ್ಜೆ ಕಟ್ಟಿಕೊಂಡು ಒಟ್ಟಿಗೆ ಹೆಜ್ಜೆ ಇಟ್ಟರು. ನೆಲ ದೊಬ್ ಎಂದಿತು. ಅದು ಕಲ್ಲು ಫರಸಿಯ ಸದ್ದಲ್ಲ, ಕೆಳಗೆ ಟೊಳ್ಳಿರುವ ಹಲಗೆಯ ಸದ್ದು. ಕಲಿಸುವ ಟೀಚರು ಹೆಮ್ಮೆಯಿಂದ ಹೇಳಿದರು: ಇಂಥ ನೆಲ ಸಿಕ್ಕಿದ್ದೇ ತಮ್ಮ ಭಾಗ್ಯವಂತೆ, ಗೆಜ್ಜೆ ಚೆನ್ನಾಗಿ ಮೊಳಗುತ್ತದಂತೆ, ಯಾರು ಯಾಕೆ ಹೀಗೆ ಮಾಡಿಸಿದ್ದರೋ ತಿಳಿಯದಂತೆ.

ನನಗೆ ತಿಳಿದಿತ್ತು. ಆ ಹಲಗೆಗಳ ಕೆಳಗೆ ತಂಪು ಗಾಳಿಯೂ ನಮ್ಮ ಕೇಬಲ್ಲುಗಳೂ ಓಡಾಡುತ್ತಿದ್ದವು. ಬಲಗಡೆ ಕಿಟಕಿಯ ಹತ್ತಿರ, ಈಗ ನಟರಾಜನನ್ನು ಇಟ್ಟ ಜಾಗದಲ್ಲಿ, ನನ್ನ ಮೇಜಿತ್ತು. ಆರು ವರ್ಷದ ಹಿಂದಿನ ಮಳೆಗಾಲದಲ್ಲಿ, ಒಂದು ರವಿವಾರ ಮುಂಜಾನೆ, ಆ ಮೇಜಿನ ಮುಂದೆ ಕೂತು ನಾನು ಒಬ್ಬ ಮನುಷ್ಯನ ದನಿಯನ್ನು ಅಳಿಸಿದೆ.

ನಾವು ಮೂಲತಃ ಧಾರವಾಡದವರು. ಅಪ್ಪ ಕಾರಖಾನೆಯ ನೌಕರಿಗೆಂದು ಪುಣೆಗೆ ಬಂದಾಗ ಅಜ್ಜಿಯನ್ನೂ ಕರೆತಂದರು. ನನಗೆ ಕನ್ನಡ ಬಂದದ್ದು ಪುಸ್ತಕದಿಂದಲ್ಲ, ಎರಡು ಕೋಣೆಯ ಮನೆಯಲ್ಲಿ ಅಜ್ಜಿ ಬೈಯುವುದನ್ನು ಕೇಳಿ ಕೇಳಿ. ಶಾಲೆಯಲ್ಲಿ ಮರಾಠಿಯಾಯಿತು, ಆಫೀಸಿನಲ್ಲಿ ಇಂಗ್ಲಿಷಾಯಿತು. ತಪ್ಪು ಮಾಡಿದಾಗ ಒಳಗಿನಿಂದ ಏಳುವ ಮಾತು ಮಾತ್ರ ಇವತ್ತಿಗೂ ಅಜ್ಜಿಯದೇ.

ನಮ್ಮ ಕೆಲಸವೆಂದರೆ ಎಲ್ಲೆಲ್ಲಿಯೋ ಇರುವ ಸರ್ವರುಗಳನ್ನು ಇಲ್ಲಿ ಕೂತು ನೋಡಿಕೊಳ್ಳುವುದು. ಸರ್ವರು ಮೂರ್ಛೆ ಹೋಗಿದ್ದರೂ ಅದರೊಳಗೆ ಒಂದು ಸಣ್ಣ ಚಿಪ್ ಎಚ್ಚರವಾಗಿರುತ್ತದೆ. ಅದರ ಮೂಲಕ ಅಲ್ಲಿಯ ಪರದೆ ಇಲ್ಲಿ ಕಾಣುತ್ತದೆ, ಇಲ್ಲಿಂದಲೇ ಕೀ ಒತ್ತಬಹುದು. ವರ್ಚುವಲ್ ಡ್ರೈವ್ ಎಂಬ ಸೌಲಭ್ಯವೂ ಅದರಲ್ಲೇ ಇದೆ. ನನ್ನ ಲ್ಯಾಪ್‌ಟಾಪಿನಲ್ಲಿರುವ ಫೈಲೊಂದನ್ನು ಲೈನಿನ ಮೇಲೆ ತೋರಿಸಿದರೆ ಸಾಕು, ಯಾರೋ ತನಗೆ ಸಿಡಿ ಹಾಕಿದರು, ಪೆನ್‌ಡ್ರೈವ್ ಚುಚ್ಚಿದರು ಎಂದು ಅಲ್ಲಿಯ ಸರ್ವರು ನಂಬುತ್ತದೆ. ಪಕ್ಕದ ಮೇಜಿನ ಚನ್ನಬಸು ಕಾಕಾ ಇದನ್ನು ಒಂದೇ ಮಾತಿನಲ್ಲಿ ವಿವರಿಸುತ್ತಿದ್ದರು.

"ನಿಮ್ಮ ಮಂದಿ ಪಿಂಡ ಇಡ್ತಾರಲ್ಲ ಪದ್ದವ್ವಾ, ಥೇಟ್ ಹಂಗ. ಇಡೋದು ಇಲ್ಲಿ, ಮುಟ್ಟೋದು ಅಲ್ಲಿ. ಮುಟ್ಟಿತು ಅಂತ ನಂಬೋದು ನಮ್ಮ ನೌಕರಿ."

ಕಾಕಾ ಗದಗಿನ ಕಡೆಯವರು. ಸೈನ್ಯದ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತರಾಗಿ ದೇಹೂ ರೋಡಿನಲ್ಲೇ ಮನೆ ಮಾಡಿದ್ದರು. ಅಲ್ಲಿಂದ ತಂದ ಒಂದು ಶಿಸ್ತನ್ನು ನಮಗೆಲ್ಲ ಕಲಿಸಿದ್ದರು. ಅಳಿಸುವ, ಬದಲಿಸುವ ಯಾವುದೇ ಆಜ್ಞೆಗೆ ಎಂಟರ್ ಒತ್ತುವ ಮೊದಲು ಅದನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಓದಿ 'ಠೀಕ್' ಅನ್ನಬೇಕು, ಆಮೇಲೆ ಒತ್ತಬೇಕು. ಹೊಸಬರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಎಂಟು ವರ್ಷ ಆ ಓದು ನಮ್ಮನ್ನು ಕಾಪಾಡಿತ್ತು.

ನಾವು ನೋಡಿಕೊಳ್ಳುತ್ತಿದ್ದುದರಲ್ಲಿ ಸಾತಾರಾ ದಾಟಿ, ಹೆದ್ದಾರಿ ಬಿಟ್ಟು ಘಟ್ಟ ಏರಿದರೆ ಸಿಗುವ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯ ಸರ್ವರೂ ಇತ್ತು. ಅಲ್ಲಿ ಗಂಟಲಿನ ಕ್ಯಾನ್ಸರಿಗೆ ಆಪರೇಶನ್ ಮಾಡುತ್ತಿದ್ದರು. ಧ್ವನಿಪೆಟ್ಟಿಗೆ ತೆಗೆದ ಮೇಲೆ ಮನುಷ್ಯನಿಗೆ ದನಿ ಇರುವುದಿಲ್ಲ. ಹಾಗಾಗಿ ಅಲ್ಲಿಯ ದೊಡ್ಡ ಡಾಕ್ಟರು ಒಂದು ಪದ್ಧತಿ ಇಟ್ಟಿದ್ದರು. ಆಪರೇಶನ್ನಿನ ಹಿಂದಿನ ದಿನ ರೋಗಿಯನ್ನು ಒಂದು ಕೋಣೆಯಲ್ಲಿ ಕೂಡಿಸಿ ಮೈಕು ಹಚ್ಚುವುದು. ಬೇಕಾದ್ದು ಮಾತಾಡಲಿ, ಬೇಕಾದವರನ್ನು ಕರೆಯಲಿ. ಮನೆಯವರು ಇದ್ದರೆ ಗಂಟಲು ಕಟ್ಟುತ್ತದೆಂದು ಅವರನ್ನು ಹೊರಗೆ ಕಳಿಸುತ್ತಿದ್ದರು. ಆ ದನಿಗಳೆಲ್ಲ ಸರ್ವರಿನ ಎರಡು ಡಿಸ್ಕುಗಳ ಪೈಕಿ ಕೆಳಗಿನದರಲ್ಲಿ ಇರುತ್ತಿದ್ದವು. ಕೇಳಬೇಕೆನ್ನಿಸಿದಾಗ ಮನೆಯವರು ಬಂದು ಕೇಳುತ್ತಿದ್ದರು. ಕೆಲವರು ವರ್ಷಗಟ್ಟಲೆ ಬರುತ್ತಿರಲಿಲ್ಲ.

ಅದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಸುನಂದಾಬಾಯಿ, ಆಸ್ಪತ್ರೆಯ ದಾಖಲೆ ವಿಭಾಗದವರು. ನಿಪ್ಪಾಣಿಯ ತವರು. ಮೊದಲ ಸಲ ಫೋನಿನಲ್ಲಿ ನನ್ನ ಮರಾಠಿ ಕೇಳಿಯೇ ಹಿಡಿದುಬಿಟ್ಟರು. "ಅಕ್ಕಾರ, ನೀವು ನಮ್ಮ ಕಡಿಯವರೇನ್ರಿ?" ಅಂದರು. ಅಲ್ಲಿಂದ ನಮ್ಮ ಮಾತು ಕನ್ನಡಕ್ಕೆ ಹೊರಳಿತು. ಖಂಡೆನವಮಿಗೆ, ಆಯುಧಪೂಜೆಯ ದಿನ, ಸರ್ವರಿಗೂ ಪೂಜೆ ಮಾಡಿದೆ ಎಂದು ಒಮ್ಮೆ ಹೇಳಿದ್ದರು.

"ಮ್ಯಾಲಿನ ಡಿಸ್ಕಿಗೆ ಹಚ್ಚಿಲ್ರಿ, ಅದು ಬರೇ ಮಷೀನು. ಕೆಳಗಿನದಕ್ಕ ಕುಂಕುಮ ಹಚ್ಚೀನಿ. ಅದರಾಗ ಮಂದಿ ಅದಾರ."

ಇಬ್ಬರೂ ನಕ್ಕಿದ್ದೆವು. ಮರುವರ್ಷ, ಹೋಳಿ ಹುಣ್ಣಿಮೆಯ ಮುಂದೆ, ಅವರ ಗಂಡ ಮಾರುತಿರಾವರೂ ಅದರೊಳಗೆ ಸೇರಿದರು. ಮೂವತ್ತು ವರ್ಷ ಎಸ್.ಟಿ. ಬಸ್ಸಿನ ಕಂಡಕ್ಟರಾಗಿದ್ದವರು. ಕಾತ್ರಜದ ನಿಲ್ದಾಣದಲ್ಲಿ ನಿಂತು 'ಸಾತಾರಾ, ಕರಾಡ, ಕೊಲ್ಹಾಪುರ' ಎಂದು ಕೂಗಿದರೆ ರಸ್ತೆಯ ಆಚೆಯ ಚಹಾದಂಗಡಿಯಿಂದ ಜನ ಗ್ಲಾಸು ಬಿಟ್ಟು ಓಡಿ ಬರುತ್ತಿದ್ದರಂತೆ. ಜೊತೆಗೆ ತಂಬಾಕು. ಅವರ ಆಪರೇಶನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಕೋಣೆಯೊಳಗೆ ಅರ್ಧ ತಾಸು ಒಬ್ಬರೇ ಮಾತಾಡಿದ್ದರು. ಸುನಂದಾಬಾಯಿ ಅದನ್ನು ಇನ್ನೂ ಕೇಳಿರಲಿಲ್ಲ.

"ಈಗ ಕೇಳಿದರ ಮುಗದ ಹೊಕ್ಕೈತ್ರಿ. ಇರಲಿ, ಎಲ್ಲಿ ಹೊಕ್ಕೈತಿ," ಅನ್ನುತ್ತಿದ್ದರು. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿಟ್ಟು ಹೇಳುವಂತೆ.

ನಾನು ಮಾತ್ರ ಅದನ್ನು ಮೂರು ಸೆಕೆಂಡು ಕೇಳಿದ್ದೆ. ಬೇಸಿಗೆಯಲ್ಲಿ ಆ ಡಿಸ್ಕಿನ ಆರೋಗ್ಯ ನೋಡುವಾಗ ಯಾವುದೋ ಒಂದು ಫೈಲು ತೆರೆದೆ; ಸಂಖ್ಯೆ ಇತ್ತು, ಹೆಸರಿರಲಿಲ್ಲ. ಒಂದು ಕೆಮ್ಮು. ಆಮೇಲೆ ಗಡಸು ದನಿ: "ಏ, ಹಾಲಿನ ಮ್ಯಾಲ ಮುಚ್ಚಳಾ ಇಟ್ಟ ಬಂದೀ ಇಲ್ಲ? ಬೆಕ್ಕ..." ನಗು ಬಂತು. ಸದ್ದು ಸರಿಯಿದೆ ಎಂದು ಗುರುತು ಹಾಕಿ ಮುಚ್ಚಿಬಿಟ್ಟೆ. ಯಾರದೆಂದು ಗೊತ್ತಾದದ್ದು ಆಮೇಲೆ, ಸಂಖ್ಯೆಯನ್ನು ದಾಖಲೆಯ ಹೆಸರಿಗೆ ಹೋಲಿಸಿದಾಗ.

ಆ ವರ್ಷ ಆಷಾಢ ಹುಚ್ಚು ಹಿಡಿದಂತೆ ಸುರಿಯಿತು. ನಿಗಡಿಯಲ್ಲಿ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದೆ ಮನೆಯೆಲ್ಲ ಹಸಿ ನಾಯಿಯ ವಾಸನೆ. ಘಟ್ಟದ ಮೇಲೆ ಗುಡ್ಡ ಜರಿದು ಆಸ್ಪತ್ರೆಯ ರಸ್ತೆ ಬಂದಾಯಿತು. ವಿದ್ಯುತ್ತು ಹೋಗಿ ಬಂದು, ಹೋಗಿ ಬಂದು, ಒಂದು ದಿನ ಸರ್ವರು ಏಳಲೇ ಇಲ್ಲ. ಮೇಲಿನ ಡಿಸ್ಕಿನ ಸಿಸ್ಟಮ್ ಹಾಳಾಗಿತ್ತು. ಕೆಳಗಿನ, ದನಿಗಳ ಡಿಸ್ಕು ಚೆನ್ನಾಗಿತ್ತು. ಮೇಲಿನದಕ್ಕೆ ಹೊಸದಾಗಿ ಸಿಸ್ಟಮ್ ಹಾಕಿದರೆ ಮುಗಿಯಿತು. ಹೋಗಲು ರಸ್ತೆಯಿಲ್ಲ; ವರ್ಚುವಲ್ ಡ್ರೈವೇ ಗತಿ. ಆಪರೇಶನ್ನಿಗೆ ಕಾದ ಇಬ್ಬರು ರೋಗಿಗಳ ದನಿ ಹಿಡಿಯುವುದು ನಿಂತುಹೋಗಿತ್ತು, ಡಾಕ್ಟರು ಅವಸರ ಮಾಡುತ್ತಿದ್ದರು. ರವಿವಾರ ಮುಂಜಾನೆ ಓಪಿಡಿ ಇರುವುದಿಲ್ಲ, ಆಗ ಮಾಡಿ ಅಂದರು.

ಸುನಂದಾಬಾಯಿ ಕೇಳಿದ್ದು ಒಂದೇ. "ಅಕ್ಕಾರ, ಕೆಳಗಿನದಕ್ಕ ಏನೂ ಆಗಂಗಿಲ್ಲಲ್ರಿ? ಅದರಾಗ ನಮ್ಮನಿಯವರು ಅದಾರ."

"ಅದನ್ನ ಮುಟ್ಟೋದಽ ಇಲ್ಲರಿ. ನೀವು ನಿಶ್ಚಿಂತಿಂದ ಇರ್ರಿ," ಅಂದೆ. ದನಿಗಳ ಒಂದು ನಕಲು ಹಿಂದಿನ ದೀಪಾವಳಿಯದಿತ್ತು. ಆಮೇಲಿನದಕ್ಕೆ ಇರಲಿಲ್ಲ. ಮುಟ್ಟದ ಡಿಸ್ಕಿಗೆ ನಕಲೇಕೆ ಎಂದು ನಾನೇ ಬರೆದುಕೊಟ್ಟಿದ್ದೆ.

ಮೊದಲ ರವಿವಾರ ಡ್ರೈವು ಜೋಡಣೆಯಾಯಿತು ಎಂದು ನನ್ನ ಪರದೆ ಹೇಳುತ್ತಿತ್ತು, ಸಿಡಿಯೇ ಇಲ್ಲ ಎಂದು ಅಲ್ಲಿಯ ಸರ್ವರು ಹೇಳುತ್ತಿತ್ತು. ಎರಡು ತಾಸು ಗುದ್ದಾಡಿದ ಮೇಲೆ ತಿಳಿಯಿತು, ಒಮ್ಮೆಗೆ ಒಬ್ಬರಿಗೇ ಸಿಗುವ ಆ ಡ್ರೈವನ್ನು ಯಾರದೋ ಪರದೆಯ ಮೇಲೆ ತೆರೆದೇ ಉಳಿದ ಹಳೆಯ ಕಿಟಕಿಯೊಂದು ಹಿಡಿದು ಕೂತಿದೆ. ಯಾರದು ನೋಡಿದರೆ ಕಾಕಾನದು. ಶುಕ್ರವಾರ ತೆರೆದು, ಮುಚ್ಚದೆ ಮನೆಗೆ ಹೋಗಿದ್ದರು.

"ಕಾಕಾ, ಪಿಂಡದ ಮುಂದ ನೀವಽ ಕಾಗಿ ಆಗಿ ಕೂತೀರಿ," ಅಂದೆ.

"ಮುದುಕ ಕಾಗಿ ಅವ್ವಾ, ಹಾರಿ ಹೋಗೋದು ಮರತೈತಿ," ಅಂದರು. ಅದನ್ನು ಬಿಡಿಸುವಷ್ಟರಲ್ಲಿ ಅಲ್ಲಿ ಕರೆಂಟು ಹೋಯಿತು.

ಎರಡನೇ ರವಿವಾರ ಎರಡು ಡ್ರೈವು ತೋರಿಸಿದೆವು. ಸಿಸ್ಟಮ್ ಇರುವ ಸಿಡಿ ಒಂದು. ಒಂದೊಂದು ಪ್ರಶ್ನೆಗೂ ಇಲ್ಲಿಂದ ಉತ್ತರ ಒತ್ತುವಷ್ಟು ಲೈನು ತಾಳುತ್ತಿರಲಿಲ್ಲವಾದ್ದರಿಂದ, ಎಲ್ಲ ಉತ್ತರಗಳನ್ನೂ ಮೊದಲೇ ಬರೆದಿಟ್ಟ ಪೆನ್‌ಡ್ರೈವ್ ಇನ್ನೊಂದು. ಎರಡೂ ಹುಸಿಯವೇ. ಸರ್ವರು ಪೆನ್‌ಡ್ರೈವನ್ನೂ ಡಿಸ್ಕೆಂದೇ ಎಣಿಸುತ್ತದೆ, ಸಿಡಿಯನ್ನು ಎಣಿಸುವುದಿಲ್ಲ. ಹಾಗಾಗಿ ಅದರ ಸಾಲಿನಲ್ಲಿ ನಮ್ಮ ಹುಸಿ ಪೆನ್‌ಡ್ರೈವ್ ಮೊದಲನೆಯದಾಯಿತು, ಹಾಳಾದ ಮೇಲಿನ ಡಿಸ್ಕು ಎರಡನೆಯದು, ದನಿಗಳ ಡಿಸ್ಕು ಮೂರನೆಯದು. 'ಎರಡನೆಯದನ್ನು ಪೂರ್ತಿ ಒರೆಸಿ ಸಿಸ್ಟಮ್ ಹಾಕು' ಎಂದು ಬರೆದಿಟ್ಟೆ. ಓದಿದೆ. ಕಾಕಾ ತಿರುಗಿ ಓದಿದರು. ಆದರೆ ಪ್ರತಿ ಸಲವೂ, ಒರೆಸುವುದು ಆರಂಭವಾಗುವ ಮೊದಲೇ ಲೈನು ಹರಿದು ಎರಡೂ ಡ್ರೈವು ಬಿದ್ದುಹೋಗುತ್ತಿದ್ದವು. ವೈಫೈ ಬಿಟ್ಟು ಕೇಬಲ್ ಹಚ್ಚಿದೆ, ಲ್ಯಾಪ್‌ಟಾಪ್ ನಿದ್ದೆ ಹೋಗದಂತೆ ಮಾಡಿದೆ, ಬೇರೆ ಲ್ಯಾಪ್‌ಟಾಪ್ ತಂದೆ. ಹನ್ನೊಂದು ಸಲ. ಅಲ್ಲಿ ಸುನಂದಾಬಾಯಿ ಮುಂಜಾನೆಯಿಂದ ಉಪವಾಸ, ಸರ್ವರಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. "ಆಗತೈತಿ ಬಿಡ್ರಿ ಅಕ್ಕಾರ. ನೀವು ಅಳಬ್ಯಾಡ್ರಿ," ಅಂದರು. ನಾನು ಅಳುತ್ತಿರಲಿಲ್ಲ. ಆದರೂ ಅವರಿಗೆ ಹಾಗೆ ಕೇಳಿಸಿತ್ತು.

ಆ ವಾರವೆಲ್ಲ ತಲೆಯಲ್ಲಿ ಅದೇ. ಗುರುವಾರ ಜೋಳದ ಭಾಕರಿ ಬಡಿಯುತ್ತಿದ್ದಾಗ ಹೊಳೆಯಿತು: ಎರಡು ಡ್ರೈವು ಎಳೆದರೆ ಲೈನಿಗೆ ಭಾರ, ಉತ್ತರದ ಫೈಲನ್ನು ಸಿಡಿಯೊಳಗೇ ಸೇರಿಸಿದರೆ ಪೆನ್‌ಡ್ರೈವೇ ಬೇಡ. ಅಷ್ಟು ಸುಲಭ. ಕಾಕಾನಿಗೆ ಹೇಳಿದಾಗ ಬೆನ್ನು ತಟ್ಟಿದರು. "ಶಾಬಾಸ್ ಮಗಳ!"

ಮೂರನೇ ರವಿವಾರ ಪುಣೆಯಲ್ಲಿ ಮಳೆ ಹೊಳವಾಗಿತ್ತು. ಹತ್ತು ಗಂಟೆಗೆ ಒಂದೇ ಡ್ರೈವು ತೋರಿಸಿದೆ. ಸರ್ವರು ಒಂದೇ ಏಟಿಗೆ ಹಿಡಿಯಿತು.

"ಓದು," ಅಂದರು ಕಾಕಾ.

"ಎರಡನೇ ಡಿಸ್ಕ್, ಪೂರ್ತಿ ಒರಸು, ಸಿಸ್ಟಮ್ ಹಾಕು."

"ಎರಡನೇ ಡಿಸ್ಕ್. ಪೂರ್ತಿ ಒರಸು. ಸಿಸ್ಟಮ್ ಹಾಕು. ಠೀಕ್."

ಒತ್ತಿದೆ. ಲೈನು ಹರಿಯಲಿಲ್ಲ. ಐದು, ಹತ್ತು, ಹದಿನೈದು ಎಂದು ಶೇಕಡಾ ಏರತೊಡಗಿತು. ಮೂರು ವಾರದಿಂದ ಕಾಣದ ಆ ಅಂಕಿಗಳನ್ನು ಕಂಡು ನನ್ನ ಕಣ್ಣು ತುಂಬಿತು. ಕಾಕಾ ಚಹಾ ಹೇಳಿದರು. ಅವರ ಮನೆಯಾಕೆ ಕಾಕೂ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ ಬಿಚ್ಚಿದರು. ಹನ್ನೊಂದರ ಸುಮಾರಿಗೆ ಸುನಂದಾಬಾಯಿಯ ಫೋನು ಬಂತು.

"ಅಕ್ಕಾರ, ಲೈಟು ಭಾಳ ಜೋರ ಹೊಡಕೊಳ್ಳಾಕತ್ತೈತ್ರಿ."

"ಚಲೋ ಆತಲ್ರಿ! ಲೈಟ್ ಹೊಡಕೊಂಡರ ಕೆಲಸ ನಡದದ ಅಂತ ಅರ್ಥ."

"ಕುಂಕುಮದ್ದು ಹೊಡಕೊಳ್ಳಾಕತ್ತೈತ್ರಿ. ಮ್ಯಾಲಿನದು ಸುಮ್ನ ಐತಿ."

"ಇರಲಿ ಬಿಡ್ರಿ, ಇನ್ನೇನು ಮುಗೀತದ. ನೀವು ಮೊದಲ ಹೋಗಿ ಊಟಾ ಮಾಡ್ರಿ," ಅಂದೆ. ಬಾಯಲ್ಲಿ ರೊಟ್ಟಿ ಇತ್ತು.

ಅವರು ನಂಬಿದರು. ಊಟಕ್ಕೆ ಹೋದರು. ಆಗಲೇ ನಿಲ್ಲಿಸಿದ್ದರೆ ಮುಕ್ಕಾಲು ಪಾಲಾದರೂ ಉಳಿಯುತ್ತಿತ್ತು. ಈ ಲೆಕ್ಕವನ್ನು ಆರು ವರ್ಷದಲ್ಲಿ ಎಷ್ಟು ಸಲ ಹಾಕಿದ್ದೇನೋ.

ಎರಡು ಗಂಟೆಗೆ ಸರ್ವರು ಎದ್ದಿತು. ಒಳಗೆ ಹೋಗಿ ದನಿಗಳ ಡಿಸ್ಕನ್ನು ಹುಡುಕಿದೆ. ಹಾಳಾದ ಹಳೆಯ ಸಿಸ್ಟಮ್ ಎಲ್ಲಿತ್ತೋ ಅಲ್ಲೇ ಹಾಗೇ ಬಿದ್ದಿತ್ತು. ದನಿಗಳ ಜಾಗದಲ್ಲಿ ಹೊಸ ಸಿಸ್ಟಮ್ ಕೂತು ನನ್ನ ಆಜ್ಞೆಗೆ ಕಾಯುತ್ತಿತ್ತು.

ಹುಸಿ ಪೆನ್‌ಡ್ರೈವ್ ತೆಗೆದಿದ್ದೆ. ಸಾಲಿನಲ್ಲಿ ಮೊದಲನೆಯದು ಇಲ್ಲವಾದಾಗ ಹಿಂದಿನವೆಲ್ಲ ಒಂದೊಂದು ಜಾಗ ಮುಂದೆ ಸರಿದಿದ್ದವು. ಮೂರನೆಯದು ಎರಡನೆಯದಾಗಿತ್ತು. ನಾವು ಓದಿದ ಅಂಕಿ ತಪ್ಪಾಗಿರಲಿಲ್ಲ. ಅಂಕಿಯನ್ನೇ ಓದಿದೆವು, ಅಲ್ಲಿ ಯಾರು ಕೂತಿದ್ದಾರೆ ಎಂದು ನೋಡಲಿಲ್ಲ.

ಆಗ ಅಜ್ಜಿ ಎದ್ದಳು ನನ್ನೊಳಗೆ. ಸಣ್ಣವಳಿದ್ದಾಗ ಮನೆಯ ಊಟದ ಪಂಕ್ತಿಯಲ್ಲಿ ಪಾಯಸ ಬಡಿಸಲು ನಿಂತಿದ್ದೆ. ಎರಡನೇ ಎಲೆ ಸೋದರಮಾವನದು, ಸಕ್ಕರೆ ಕಾಯಿಲೆ, ಅದಕ್ಕೆ ಬೇರೆ ಪಾತ್ರೆಯದು ಎಂದು ಹೇಳಿಟ್ಟಿದ್ದರು. ಅಷ್ಟರಲ್ಲಿ ಮೊದಲ ಎಲೆಯವರು ಯಾರೋ ಕರೆದರೆಂದು ಎದ್ದು ಹೋದರು, ಎಲ್ಲರೂ ಒಂದೊಂದು ಎಲೆ ಸರಿದು ಕೂತರು. ನಾನು ಲೆಕ್ಕದಂತೆ ಬಡಿಸುತ್ತ ಹೋದೆ. ಮಾವ ಏನೂ ಅನ್ನದೆ ಸಿಹಿ ಪಾಯಸ ಎರಡು ಸಲ ಹಾಕಿಸಿಕೊಂಡ. ಅಜ್ಜಿ ಒಳಗೆ ಕರೆದು ಕಿವಿ ಹಿಂಡಿದಳು. "ಎಲಿ ಎಣಸಿ ಬಡಸಬ್ಯಾಡ, ಮಾರಿ ನೋಡಿ ಬಡಸು." ಪ್ರತಿ ಡಿಸ್ಕಿಗೂ ಮುಖವಿರುತ್ತದೆ, ಅದರ ಮೈಮೇಲೆ ಅಚ್ಚಾದ ಸಂಖ್ಯೆ, ಅದು ಎಲ್ಲಿ ಕೂತರೂ ಬದಲಾಗದು. ಅದನ್ನು ಬರೆಯಬಹುದಿತ್ತು. ಇನ್ನೂ ಸುಲಭದ ಮುಖವೊಂದನ್ನು ಸುನಂದಾಬಾಯಿ ಬೊಟ್ಟಿನಿಂದ ಬರೆದಿದ್ದರು, ಫೋನಿನಲ್ಲಿ ಹೇಳಿಯೂ ಹೇಳಿದ್ದರು.

ಕಾಕಾ ಪರದೆಯನ್ನು ನೋಡುತ್ತ ನಿಂತರು. "ನಾನೂ ಓದಿದ್ನಲ್ಲವ್ವಾ," ಅಂದರು. ಮೇಲಿನವರ ಮುಂದೆಯೂ ಹಾಗೇ ಹೇಳಿ ಅರ್ಧ ತಪ್ಪು ತಮ್ಮ ತಲೆಗೆ ಕಟ್ಟಿಕೊಂಡರು. ಆದರೆ ಆಮೇಲೆ ಅವರು ಯಾರಿಗೂ 'ಓದು' ಅನ್ನಲಿಲ್ಲ. ಹೊಸಬರು ತಾವಾಗಿ ಓದಿ ಹೇಳಿದರೆ ಕಿಟಕಿಯ ಕಡೆ ನೋಡುತ್ತಿದ್ದರು. ದಸರೆಯ ಹೊತ್ತಿಗೆ ಕೆಲಸ ಬಿಟ್ಟರು.

ರಸ್ತೆ ತೆರೆದ ಮೇಲೆ ಡಿಸ್ಕನ್ನು ತರಿಸಿ, ಅಳಿದದ್ದನ್ನು ತೆಗೆಯುವ ಕಸಬಿನ ಒಬ್ಬರಿಗೆ ಪೇಟೆಯಲ್ಲಿ ಕೊಟ್ಟೆ. ಕುಂಕುಮ ಇನ್ನೂ ಹಾಗೇ ಇತ್ತು. ಎಂಟು ದಿನ ಇಟ್ಟುಕೊಂಡು ಅವರು ಮರಳಿಸಿದರು. "ತಾಈ, ಪುಸಲೇಲೀ ಪಾಟೀ ಆಹೇ ಹೀ," ಅಂದರು. ಒರೆಸಿದ ಪಾಟಿ ಇದು, ಅಳಿಸಿದ ಸ್ಲೇಟು. ಏನೂ ಬರಲಿಲ್ಲ.

ಸುನಂದಾಬಾಯಿಗೆ ಅಲ್ಲಿಯವರೆಗೆ ಡಿಸ್ಕು ಪರೀಕ್ಷೆಗೆ ಬೇಕು ಎಂದಷ್ಟೇ ಅಂದಿದ್ದೆ; ಅಳಿದದ್ದನ್ನು ಫೋನಿನಲ್ಲಿ ಹೇಳಲಾಗಲಿಲ್ಲ. ಶ್ರಾವಣದ ಒಂದು ಮುಂಜಾನೆ ಕಾತ್ರಜದಿಂದ ಬಸ್ಸು ಹಿಡಿದೆ. ಕಂಡಕ್ಟರು ಬಾಗಿಲಲ್ಲಿ ಜೋತು 'ಸಾತಾರಾ, ಕರಾಡ' ಎಂದು ಕೂಗುತ್ತಿದ್ದ. ಕಿವಿ ಮುಚ್ಚಿಕೊಳ್ಳಬೇಕೆನ್ನಿಸಿತು. ಆಸ್ಪತ್ರೆಯ ಹಿಂದಿನ ಚಾಳಿನಲ್ಲಿ ಅವರ ಮನೆ. ಮಾರುತಿರಾವ್ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದರು, ತೊಡೆಯ ಮೇಲೆ ಪಾಟಿ. ಕಾಲ ಬಳಿ ಆ ಬೆಕ್ಕು. ನಾನು ಎಲ್ಲ ಹೇಳಿದೆ. ಕುಂಕುಮದ ಮಾತು ಬಂದಾಗ ಸುನಂದಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನಾ ಹೇಳಿದ್ನಲ್ರಿ," ಅಂದರು. ಬೈಗುಳವಾಗಿರಲಿಲ್ಲ. ತಾವು ಹೇಳಿದ್ದರೋ ಇಲ್ಲವೋ ಎಂದು ತಮ್ಮನ್ನೇ ಕೇಳಿಕೊಂಡಂತಿತ್ತು. "ಇನ್ನೊಮ್ಮಿ ಹೇಳಬೇಕಿತ್ತು ನಾ. ಊಟಕ್ಕ ಹ್ವಾದೆ."

ಕನ್ನಡ ಆಡಲಷ್ಟೇ ಬರುತ್ತಿದ್ದ ಮಾರುತಿರಾವ್ ಪಾಟಿಯ ಮೇಲೆ ಮರಾಠಿಯಲ್ಲಿ ಬರೆದು ನನ್ನ ಕಡೆ ತಿರುಗಿಸಿದರು. 'ಹೋಗಲಿ ಬಿಡಿ. ಪೂರಾ ಬೆಕ್ಕಿನ ಸುದ್ದಿಯೇ ಹೇಳಿದ್ದೆ.' ನಗಿಸಲು ಬರೆದದ್ದು. ಸುನಂದಾಬಾಯಿ ಅದನ್ನು ಓದಿ ಗಂಡನ ಮುಖ ನೋಡಿದರು. "ಬೆಕ್ಕಿನ ಸುದ್ದಿ ಹೇಳಿ ಯಾರರೆ ಕಣ್ಣು ಕೆಂಪ ಮಾಡ್ಕೊಂಡ ಹೊರಗ ಬರತಾರೇನ್ರಿ?" ಮಾರುತಿರಾವ್ ಪಾಟಿಯನ್ನು ಅಂಗೈಯಿಂದ ಒರೆಸಿದರು.

ಹೊರಡುವಾಗ ಬಾಗಿಲವರೆಗೆ ಬಂದ ಸುನಂದಾಬಾಯಿ ಕೇಳಿದರು. "ನೀವು ಒಂದೀಟು ಕೇಳಿದ್ರೆಲ್ರಿ ಅಕ್ಕಾರ? ಹೆಂಗ ಅಂದಿದ್ರು? ಅಂದು ತೋರಸ್ರಿ."

ನಾನು ಕೆಮ್ಮಿದೆ. ದನಿ ದಪ್ಪ ಮಾಡಿ ಅಂದೆ: "ಏ, ಹಾಲಿನ ಮ್ಯಾಲ ಮುಚ್ಚಳಾ ಇಟ್ಟ ಬಂದೀ ಇಲ್ಲ? ಬೆಕ್ಕ..."

ಕಣ್ಣು ಮುಚ್ಚಿ ಕೇಳಿದರು. ಆಮೇಲೆ ತಲೆ ಅಲ್ಲಾಡಿಸಿದರು. "ಮಾತು ಅದಽ ಐತ್ರಿ. ಧ್ವನಿ ಹಂಗಲ್ರಿ. ಅವರದು ಹಂಗ ಅಲ್ಲಽ ಅಲ್ಲ."

ಮರುವರ್ಷ ಮಾರುತಿರಾವ್ ತೀರಿಕೊಂಡರು. ಅಲ್ಲಿಂದೀಚೆಗೆ ಪ್ರತಿ ವರ್ಷ ಮೊದಲ ಮಳೆ ಬಿದ್ದ ದಿನ ಸುನಂದಾಬಾಯಿಯ ಫೋನು ಬರುತ್ತದೆ. ಮಳೆಯ, ಮೊಣಕಾಲಿನ ಸುದ್ದಿಯಾದ ಮೇಲೆ, "ಒಮ್ಮಿ ಅನ್ರಿ ಅಕ್ಕಾರ," ಅನ್ನುತ್ತಾರೆ. ನಾನು ಅನ್ನುತ್ತೇನೆ. "ಹಂಗಲ್ರಿ," ಅನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಒಂದು ಥರದ ಸಮಾಧಾನ. ಅವರ ನೆನಪಿನಲ್ಲಾದರೂ ಆ ದನಿ ಹೇಗಿತ್ತೋ ಹಾಗೇ ಇದೆಯಲ್ಲ ಎಂದು. ಯಾಕೆಂದರೆ ನನ್ನ ಕಿವಿಯಲ್ಲಿ ಅದು ಯಾವಾಗಲೋ ಸವೆದುಹೋಗಿದೆ. ನೆನಪು ಮಾಡಿಕೊಳ್ಳಲು ಹೋದರೆ ಕೇಳಿಸುವುದು ನನ್ನದೇ ದಪ್ಪ ಮಾಡಿದ ದನಿ.

ಈ ಸಲ ಫೋನು ಬಂದಾಗ ನಾನು ಕಥಕ್ ಕ್ಲಾಸಿನ ಹೊರಗೆ, ಮೆಟ್ಟಿಲ ಮೇಲೆ ಹುಡುಗಿಯನ್ನು ಕಾಯುತ್ತ ನಿಂತಿದ್ದೆ. ಹೊರಗೆ ವರ್ಷದ ಮೊದಲ ಮಳೆ. ಸುತ್ತ ಬೇರೆ ಮಕ್ಕಳ ತಾಯಂದಿರು. "ಒಮ್ಮಿ ಅನ್ರಿ," ಅಂದರು. ನಾಚಿಕೆ ಬಿಟ್ಟು ಕೆಮ್ಮಿ, ಅಷ್ಟೂ ಅಂದೆ. ತಾಯಂದಿರು ತಿರುಗಿ ನೋಡಿದರು.

ಆ ಕಡೆಯಿಂದ ಉಸಿರು ಎಳೆದುಕೊಂಡ ಸದ್ದು ಬಂತು. ಅತ್ತರೆಂದು ತಿಳಿದೆ. ಅತ್ತಿರಲಿಲ್ಲ. ದನಿಯಲ್ಲಿ ಸಂತೋಷವಿತ್ತು.

"ಈ ಸಲ ಥೇಟ್ ಅವರಂಗಽ ಆತ್ರಿ, ಅಕ್ಕಾರ," ಅಂದರು.

ಒಳಗೆ ಹುಡುಗಿಯರು ಹೆಜ್ಜೆ ಇಟ್ಟರು. ನೆಲ ದೊಬ್ ಎಂದಿತು.